ಬಿಳಿ ಭಾನುವಾರದ ಪಂಕ್ತಿ

ನನ್ನ ತಂಗಿ ತಲಿತಾಳನ್ನು ಪಾಸ್ಟರ ಮನೆಗೆಲಸಕ್ಕೆ ಕಳಿಸುವ ಮಾತು ಬಂದದ್ದು ಊಟದ ಹೊತ್ತಿನಲ್ಲಿ. ಊಟ ನಮ್ಮದಲ್ಲ, ಅವರದು. ಅಜ್ಜಿ, ಯೆಲೆಮಿಯಾ ಮಾವ, ಲೊಸಲಿನಾ ಅತ್ತೆ, ನಮ್ಮಮ್ಮ ನಾಲ್ವರೂ ಉಣ್ಣುತ್ತಿದ್ದರು. ನಾನೂ ತಲಿತಾಳೂ ಎದುರಿಗೆ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದೆವು. ಅವರು ಉಂಡೆದ್ದ ಮೇಲೆ ಉಳಿದದ್ದು ನಮಗೆ ಮತ್ತು ಮಾವನ ಮಕ್ಕಳು ಲೂಪೆ, ತಾವಿಗೆ. ನಮ್ಮೂರಿನ ಎಲ್ಲ ಮನೆಗಳಲ್ಲೂ ಹಾಗೆಯೇ. ಅವತ್ತು ಮೀನಿತ್ತು. ಮಾವ ಮೀನಿನ ತಲೆ ಚೀಪುತ್ತ ಹೇಳಿದ:

"ಪಾಸ್ಟರಮ್ಮನಿಗೆ ಮಾತು ಕೊಟ್ಟು ಬಂದಿದೀನಿ. ಅವರ ಮನೆ ಕೆಲಸದ ಹುಡುಗಿಗೆ ಮದುವೆ ಗೊತ್ತಾಗಿದೆಯಂತೆ. ಬಿಳಿ ಭಾನುವಾರ ಮುಗಿದ ಮಂಗಳವಾರದಿಂದ ನಮ್ಮ ತಲಿತಾ ಹೋಗ್ತಾಳೆ."

ತಲಿತಾಳ ಕೈ ನಿಂತಿತು.

"ಬೀಸೇ, ನೊಣ ಕೂರ್ತಿದೆ," ಎಂದಳು ಅಜ್ಜಿ.

"ಮಾವ, ನನ್ನ ಸ್ಕೂಲು?"

"ಸ್ಕೂಲು ಎಲ್ಲಿ ಓಡಿಹೋಗತ್ತೆ?"

"ನವೆಂಬರಲ್ಲಿ ಎಂಟನೇ ಕ್ಲಾಸಿನ ಪರೀಕ್ಷೆ ಇದೆ. ಅದರಲ್ಲಿ ಪಾಸಾದ್ರೇ ಮುಂದಕ್ಕೆ ಕಳಿಸೋದು."

"ದೇವರ ಸೇವೆಗಿಂತ ಪರೀಕ್ಷೆ ದೊಡ್ಡದಾ? ನಿಮ್ಮಕ್ಕ ಹೋಗಿ ಬರಲಿಲ್ವಾ? ಸತ್ತುಹೋದಳಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಸತ್ತಿರಲಿಲ್ಲ. ಬೀಸುತ್ತಿದ್ದೆ.

ನಾನು ಹೋದಾಗ ನನಗೆ ಹದಿಮೂರು. ಅದೂ ಬಿಳಿ ಭಾನುವಾರಕ್ಕೆ ಎರಡೇ ದಿನ ಇರುವಾಗ. ಅಕ್ಟೋಬರಿನ ಎರಡನೆಯ ಭಾನುವಾರ ನಮ್ಮ ಸಾಮೋವಾದಲ್ಲಿ ಮಕ್ಕಳ ಹಬ್ಬ. ಅವತ್ತು ಮಕ್ಕಳು ಬಿಳಿ ಬಟ್ಟೆ ಉಟ್ಟು ಚರ್ಚಿನಲ್ಲಿ ವಚನ ಒಪ್ಪಿಸುತ್ತಾರೆ. ಮನೆಗೆ ಬಂದ ಮೇಲೆ ಮಕ್ಕಳದೇ ಮೊದಲ ಪಂಕ್ತಿ. ದೊಡ್ಡವರು ಬಡಿಸುತ್ತಾರೆ, ಮಕ್ಕಳು ಎದ್ದ ಮೇಲೆ ಉಣ್ಣುತ್ತಾರೆ. ಪಂಕ್ತಿಯಲ್ಲಿ ಕೂತ ಮಗುವನ್ನು ಬೈಯುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ನಮ್ಮೂರಲ್ಲಿ ಇನ್ನೊಂದು ಪದ್ಧತಿಯಿದೆ. ಯಾವ ಮಗುವಿಗೆ ಅದು ಕೊನೆಯ ವರ್ಷವೋ, ಅದಕ್ಕೆ ಮನೆಯ ಯಜಮಾನನೇ ಕೈಯಾರೆ ಮೊದಲ ತಟ್ಟೆ ತಂದಿಡಬೇಕು. ಅದನ್ನು ಉಂಡು ಎದ್ದ ಮೇಲೆ ಆ ಮಗು ದೊಡ್ಡವರ ಲೆಕ್ಕ.

ನನಗೆ ಆ ತಟ್ಟೆ ಬರಲಿಲ್ಲ. ಆರು ವಾರ ಕೂತು ಕಲಿತ ವಚನವನ್ನು ಯಾರಿಗೂ ಒಪ್ಪಿಸಲಿಲ್ಲ. ಆ ಭಾನುವಾರ ಪಾಸ್ಟರ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ, ನನ್ನ ಕ್ಲಾಸಿನ ಹುಡುಗಿಯರ ದನಿ ಚರ್ಚಿನಿಂದ ಕೇಳಿಬರುವುದನ್ನು ಕೇಳಿದೆ. ಮೂರು ವರ್ಷ ಅಲ್ಲಿದ್ದೆ. ಹಿಂದಿರುಗುವಷ್ಟರಲ್ಲಿ ನನ್ನ ಜೊತೆಯವರು ಆಪಿಯಾ ಪಟ್ಟಣದಲ್ಲಿ ಓದುತ್ತಿದ್ದರು. ಅಜ್ಜಿಯ ಸೊಂಟ ಬಿದ್ದುಹೋಗಿತ್ತು, ಅವಳಿಗೆ ಸ್ನಾನ ಮಾಡಿಸುವವರು ಬೇಕಿತ್ತು. ನನ್ನ ಸ್ಕೂಲಿನ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗೆ ಮಾತು ಬರುತ್ತಿರಲಿಲ್ಲ. ಈಗಲೂ ಕಡಿಮೆಯೇ.

ಮಾರನೆಯ ದಿನ ಊರಿನ ಚಿಲುಮೆಯ ಕೊಳದಲ್ಲಿ ಅಮ್ಮನೂ ನಾನೂ ಬಟ್ಟೆ ಒಗೆಯುತ್ತಿದ್ದೆವು.

"ಅಮ್ಮಾ, ಮಾವನಿಗೆ ನೀನೊಂದು ಮಾತು ಹೇಳು."

"ಏನಂತ?"

"ತಲಿತಾನ ಕಳಿಸಲ್ಲ ಅಂತ. ನೀನು ಅವರ ಒಡಹುಟ್ಟಿದ ತಂಗಿ. ತಂಗಿ ಬೇಡ ಅಂದ್ರೆ ಅಣ್ಣ ಮಾಡೋ ಹಾಗಿಲ್ಲ. ತಂಗಿ ಅಂದ್ರೆ ಅಣ್ಣನ ಕಣ್ಣಿನ ಪಾಪೆ ಅಂತ ಅಜ್ಜಿ ದಿನಾ ಹೇಳ್ತಾಳಲ್ಲ."

"ಹೇಳೋ ಮಾತು ನೂರಿರತ್ತೆ ಎಸೆಟಾ. ಗಂಡನ್ನ ಕಳಕೊಂಡು ಎರಡು ಮಕ್ಕಳ ಕೈ ಹಿಡ್ಕೊಂಡು ಬಂದವಳು ನಾನು. ಉಣ್ಣೋ ಅನ್ನ ಅವನದು."

"ಅವರದಲ್ಲ. ನಿನ್ನಪ್ಪನ ಭೂಮಿ, ನಿನ್ನಪ್ಪನ ಕೆಸುವಿನ ತೋಟ. ಕಳೆ ಕೀಳೋದು ನಾವು ಮೂರು ಜನ."

"ಕೊಟ್ಟ ಮಾತನ್ನ ಪಾಸ್ಟರ ಮನೆಯಿಂದ ವಾಪಸ್ ತರಕ್ಕಾಗತ್ತಾ? ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನನ್ನ ಕಳಿಸಿದಾಗಲೂ ಇದನ್ನೇ ಹೇಳಿದ್ದೆ."

ಅಮ್ಮ ಮಾವನ ಅಂಗಿಯ ಕಾಲರಿಗೆ ಸೋಪು ಉಜ್ಜಿದಳು. ಉಜ್ಜಿದ ಜಾಗಕ್ಕೇ ಮತ್ತೆ ಉಜ್ಜಿದಳು.

"ಹಿಂಡೋಕೆ ಆ ಕಡೆ ಹಿಡ್ಕೋ," ಎಂದಳು.

ಸೆಪ್ಟೆಂಬರ್ ಪೂರ್ತಿ ಸಂಜೆ ಪ್ರಾರ್ಥನೆಯಾದ ಮೇಲೆ ಅಜ್ಜಿ ಮಕ್ಕಳನ್ನು ಕೂರಿಸಿಕೊಂಡು ವಚನ ಹೇಳಿಸುತ್ತಿದ್ದಳು. ಅವಳ ಪಕ್ಕದಲ್ಲಿ ತೆಂಗಿನಕಡ್ಡಿಯ ಪೊರಕೆ ಇರುತ್ತಿತ್ತು. ತಪ್ಪಿದರೆ ಕಾಲಿಗೆ ಬೀಳುತ್ತಿತ್ತು. ಆರು ವರ್ಷದ ತಾವಿಗೆ ಒಂದೇ ಸಾಲು, ಅದೂ ಬರುತ್ತಿರಲಿಲ್ಲ. ಲೂಪೆಗೆ ಎರಡು. ತಲಿತಾಳದು ಉದ್ದನೆಯದು: ಶಿಷ್ಯರೆಲ್ಲ ನಮ್ಮಲ್ಲಿ ಯಾರು ದೊಡ್ಡವರು ಎಂದು ಜಗಳವಾಡುತ್ತಿದ್ದಾಗ ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದ ಕಥೆ. ಅವಳು ಎರಡೇ ದಿನದಲ್ಲಿ ಕಲಿತಳು. ಉಳಿದ ಹೊತ್ತು ಪ್ರಾರ್ಥನೆ ಪುಸ್ತಕದ ಒಳಗೆ ಗಣಿತದ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದಳು.

ಒಂದು ಸಂಜೆ ತಾವಿ ಕೇಳಿದ, "ಅಜ್ಜಿ, ಬಿಳೀನೇ ಯಾಕೆ ಹಾಕ್ಕೋಬೇಕು? ನಂಗೆ ಕೆಂಪು ಇಷ್ಟ."

"ಬಿಳಿ ಅಂದ್ರೆ ತೊಳೆದುಹೋದ ಪಾಪ ಕಣೋ. ಕಲೆ ಇಲ್ಲದ ಮನಸ್ಸು. ಅದಕ್ಕೇ ಅವತ್ತು ಮಣ್ಣಲ್ಲಿ ಕೂರಬಾರದು."

"ಕೂತ್ರೆ?"

"ಕೂತ್ರೆ ಮತ್ತೆ ತೊಳೀಬೇಕು."

"ಯಾರು ತೊಳೆಯೋದು?"

"ಎಸೆಟಾ ಅಕ್ಕ," ಎಂದಳು ಲೂಪೆ.

ಅತ್ತೆ ಗೊಳ್ಳೆಂದು ನಕ್ಕಳು. ನನಗೆ ನಗು ಬರಲಿಲ್ಲ. ಅಜ್ಜಿಯ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಕೈ ಬಿಗಿಯಾಯಿತು.

"ಮೆಲ್ಲಗೆ ತಿಕ್ಕೇ, ಮುರೀತೀಯಾ!"

"ಅಜ್ಜಿ, ಮಗುವನ್ನ ನಡುವೆ ನಿಲ್ಲಿಸಿದರಲ್ಲ, ಆಮೇಲೆ ಏನು ಮಾಡಿಸಿದರು? ನೀರು ತರಿಸಿದರಾ?"

"ಏನು ಮಾತು ಇದು?"

"ಕೇಳ್ದೆ ಅಷ್ಟೇ."

"ಮೂರು ವರ್ಷ ಪಾಸ್ಟರ ಮನೇಲಿದ್ದು ಇಷ್ಟೇನಾ ನೀನು ಕಲಿತಿದ್ದು?"

"ಅಲ್ಲಿ ನಾನು ಕಲಿತಿದ್ದು ಇಸ್ತ್ರಿ ಮಾಡೋದು," ಎಂದೆ. ಅಜ್ಜಿ ಕಾಲಿನಿಂದ ನನ್ನನ್ನು ತಳ್ಳಿದಳು. ನೋವಿನ ಕಾಲು ಅದು. ತಾನೇ ನರಳಿದಳು. ಆ ರಾತ್ರಿ ನನ್ನ ಪಾಲಿಗೆ ಬರೀ ಬಾಳೆಕಾಯಿ ಬಂತು, ನಂಜಿಕೊಳ್ಳಲು ಏನೂ ಇರಲಿಲ್ಲ.

ಅಕ್ಟೋಬರಿನ ಮೊದಲ ಭಾನುವಾರ ಪಾಸ್ಟರ ಮನೆಗೆ ಊಟದ ತಟ್ಟೆ ಒಯ್ಯುವ ಸರದಿ ನಮ್ಮದು. ತಲಿತಾಳೂ ನಾನೂ ಹೊತ್ತುಕೊಂಡು ಹೋದೆವು. ಪಾಸ್ಟರಮ್ಮ ಕೆಟ್ಟವರಲ್ಲ. ಅವರು ದನಿ ಎತ್ತಿದ್ದನ್ನು ನಾನು ಕಂಡೇ ಇಲ್ಲ. ಕೆಲಸವನ್ನೂ ಮೆಲ್ಲಗೇ ಹೇಳುತ್ತಿದ್ದರು, ಬೆಳಗಿನ ಐದರಿಂದ. ತಲಿತಾಳ ಗಲ್ಲ ಹಿಡಿದು, "ಚುರುಕಾಗಿದಾಳೆ. ಎಸೆಟಾ, ನಿನ್ನ ಹಾಗೆ ಮೂಗಿ ಅಲ್ಲ," ಎಂದು ನಕ್ಕರು. ಅಡುಗೆಮನೆಯ ಹಿಂದೆ ನಾನು ಮಲಗುತ್ತಿದ್ದ ಜಾಗದಲ್ಲಿ ಹೊಸ ಚಾಪೆ ಹಾಸಿಸಿದ್ದನ್ನು ತೋರಿಸಿದರು.

"ಅಮ್ಮಾ, ನಾನು ಪರೀಕ್ಷೆ ಬರೀಬಹುದಾ?" ತಲಿತಾ ಕೇಳಿಯೇಬಿಟ್ಟಳು.

"ಅಯ್ಯೋ, ಬೇಡ ಅಂದವರು ಯಾರು ಮರಿ? ಸಂಜೆ ಹೊತ್ತು ಓದ್ಕೋ."

ದಾರಿಯಲ್ಲಿ ತಲಿತಾ, "ಓದ್ಕೋಬಹುದಂತೆ ಅಕ್ಕ," ಎಂದಳು. ಅವಳ ಮುಖ ಅರಳಿತ್ತು.

"ನನಗೂ ಹಾಗೇ ಹೇಳಿದ್ರು."

"ಮತ್ತೆ?"

"ಸಂಜೆ ಪಾಸ್ಟರ ಷರ್ಟುಗಳಿರ್ತಿದ್ವು."

ಅವಳು ನನ್ನನ್ನು ಬಿಟ್ಟು ಮುಂದೆ ನಡೆದಳು. ಮನೆಯ ಮೆಟ್ಟಿಲ ಹತ್ತಿರ ನಿಂತು, "ನಿಂಗೆ ಗೊತ್ತಿತ್ತಲ್ಲ. ನಾನು ಅಷ್ಟು ಸಲ ಕೇಳಿದಾಗ ಬಾಯಿ ಮುಚ್ಕೊಂಡಿದ್ದೆ ಯಾಕೆ? ನೀನೂ ಅಮ್ಮನ ಹಾಗೇ," ಎಂದು ಒಳಗೆ ಹೋದಳು.

ಹಬ್ಬದ ದಿನ ನಸುಕಿನಲ್ಲಿ ಮಾವನೇ ಉಮು ಹೂಡಿದ. ಉಮು ಎಂದರೆ ಕಲ್ಲು ಕಾಯಿಸಿ, ಮೇಲೆ ಎಲೆ ಮುಚ್ಚಿ ಬೇಯಿಸುವ ನಮ್ಮ ನೆಲದ ಒಲೆ. ಅವತ್ತು ಅಡುಗೆಯ ಕೆಲಸ ದೊಡ್ಡವರದು. ಹಂದಿಮರಿ, ದೀವಿಹಲಸು, ತೆಂಗಿನಹಾಲು ತುಂಬಿ ಕಟ್ಟಿದ ಕೆಸುವಿನೆಲೆಯ ಗಂಟುಗಳು ಎಲ್ಲ ಸಿದ್ಧವಿದ್ದವು. ಹಿಂದಿನ ದಿನ ಮಳೆ ಬಂದು ಸೌದೆ ಹಸಿಯಾಗಿತ್ತು. ಹೊಗೆಯ ವಾಸನೆಗೆ ಎದ್ದು ಹೊರಗೆ ಬಂದೆ. ಮಾವ ಕುಕ್ಕರುಗಾಲಲ್ಲಿ ಕೂತು ಕಾಗದ ಹರಿದು ಹರಿದು ಬೆಂಕಿಗೆ ಹಾಕುತ್ತಿದ್ದ. ಚೌಕಳಿಯ ಕಾಗದ. ತಲಿತಾಳ ದುಂಡು ಅಂಕಿಗಳು.

"ಮಾವ, ಅದು ಅವಳ ನೋಟ್‌ಬುಕ್!"

"ಇನ್ನೇನಕ್ಕೆ ಬೇಕು ಅವಳಿಗೆ? ಸೌದೆ ಹತ್ತಬೇಡ್ವಾ? ಹಬ್ಬದ ದಿನ ಮುಖ ಊದಿಸ್ಕೊಂಡು ನಿಲ್ಲಬೇಡ. ಹೋಗಿ ಮಕ್ಕಳಿಗೆ ಸ್ನಾನ ಮಾಡಿಸು."

ತಲಿತಾ ನನ್ನ ಹಿಂದೆ ಬಂದು ನಿಂತಿದ್ದಳು. ಅಳಲಿಲ್ಲ. ಬೆಂಕಿಯನ್ನೇ ನೋಡಿ, ತಿರುಗಿ, ಸ್ನಾನಕ್ಕೆ ಹೋದಳು. ನಾನು ಅವಳ ಬಿಳಿ ಲಂಗಕ್ಕೆ ಇಸ್ತ್ರಿ ಹಾಕಿದೆ. ನನ್ನ ಬಿಳಿ ಬಟ್ಟೆಗೂ ಹಾಕಿದೆ. ಚರ್ಚಿಗೆ ಹೆಂಗಸರೆಲ್ಲ ಬಿಳಿಯನ್ನೇ ಉಡುವುದರಿಂದ ಯಾರೂ ಗಮನಿಸಲಿಲ್ಲ.

ಚರ್ಚಿನಲ್ಲಿ ತಾವಿ ತನ್ನ ಒಂದು ಸಾಲನ್ನು ಕೂಗಿ ಹೇಳಿ ಓಡಿಬಂದ. ಎಲ್ಲರೂ ನಕ್ಕರು. ತಲಿತಾ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಮಾವ ಅಕ್ಕಪಕ್ಕದವರ ಕಡೆ ತಿರುಗಿ ತಿರುಗಿ ನೋಡಿದ, ಆ ವಚನ ಬರೆದವನೇ ತಾನೆಂಬಂತೆ. ಆಮೇಲೆ ಪಾಸ್ಟರು ಅರ್ಥ ಬಿಡಿಸಿದರು. ಮಗುವನ್ನು ನಡುವೆ ನಿಲ್ಲಿಸಿದ್ದು ಯಾಕೆ? ಮಗು ಎದುರು ಮಾತಾಡುವುದಿಲ್ಲ. ಹೇಳಿದ್ದನ್ನು ಕೇಳುತ್ತದೆ. ನಾವೂ ದೇವರ ಮುಂದೆ ಹಾಗಿರಬೇಕು. ಅಜ್ಜಿ ಹೌದು ಹೌದು ಎಂದು ತಲೆಯಾಡಿಸಿದಳು.

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಆ ಕಥೆ ನನಗೆ ಬಾಯಿಪಾಠ. ಆರು ವರ್ಷದ ಹಿಂದೆ ನಾನು ಕಲಿತಿದ್ದೂ ಅದನ್ನೇ. ಅದರಲ್ಲಿ ಆ ಮಗು ಯಾರ ಮಾತನ್ನೂ ಕೇಳುವುದಿಲ್ಲ, ಯಾರ ಕೆಲಸವನ್ನೂ ಮಾಡುವುದಿಲ್ಲ. ಸುಮ್ಮನೆ ನಡುವೆ ನಿಂತಿರುತ್ತದೆ. ದೊಡ್ಡವರು ತಮ್ಮ ಜಗಳ ನಿಲ್ಲಿಸಿ ಅದನ್ನು ನೋಡಬೇಕಾಗುತ್ತದೆ, ಅಷ್ಟೇ.

ನಮ್ಮದು ಗೋಡೆಯಿಲ್ಲದ ಮನೆ. ಚರ್ಚಿನಿಂದ ಹೋಗುವವರಿಗೆಲ್ಲ ನಮ್ಮ ಊಟ ಕಾಣುತ್ತದೆ. ಚಾಪೆಯ ಮೇಲೆ ತಲಿತಾ, ಲೂಪೆ, ತಾವಿ ಸಾಲಾಗಿ ಕೂತರು. ಮಾವ ತಲಿತಾಳ ಕೊನೆಯ ತಟ್ಟೆ ಹಿಡಿದು ಬಂದ. ನಾನು ಹೋಗಿ ತಲಿತಾಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

"ಏನೇ ಇದು? ಏಳು, ಬಡಿಸೋಕೆ ಬಾ," ಎಂದಳು ಅತ್ತೆ.

"ನನಗಿನ್ನೂ ಕೊನೆ ತಟ್ಟೆ ಬಂದಿಲ್ಲ ಅತ್ತೆ."

"ಹತ್ತೊಂಬತ್ತು ವರ್ಷದ ಕೂಸು! ತೊಟ್ಟಿಲು ತರಲಾ?"

"ತಟ್ಟೆ ತನ್ನಿ, ಸಾಕು."

ಮಾವ ತಲಿತಾಳ ಮುಂದೆ ತಟ್ಟೆ ಇಟ್ಟು ನನ್ನನ್ನು ದಾಟಿ ಹೋದ. ಮಕ್ಕಳಿಗೆಲ್ಲ ಬಡಿಸಿದ್ದಾಯಿತು. ತಲಿತಾ ಕೈ ಮಡಿಚಿ ಕೂತಳು.

"ತಿನ್ನೇ," ಎಂದಳು ಅತ್ತೆ.

"ಅಕ್ಕನಿಗೆ ಬರಲಿ."

ಲೂಪೆ ತಲಿತಾಳನ್ನು ನೋಡಿ ತಾನೂ ಕೈ ಮಡಿಚಿದಳು. ತಾವಿ ಆಗಲೇ ಐಸ್‌ಕ್ರೀಮಿನ ಚಮಚ ಬಾಯಿಗೆ ಹಾಕಿಕೊಂಡಿದ್ದ. ಲೂಪೆ ಅವನ ತೊಡೆ ಚಿವುಟಿದಳು. ಅವನು ಚಮಚ ತೆಗೆದು, ಬಾಯಲ್ಲಿದ್ದದ್ದನ್ನು ನುಂಗುವುದೋ ಉಗುಳುವುದೋ ತಿಳಿಯದೆ ಕೂತ.

ಮಕ್ಕಳು ಉಣ್ಣದೆ ದೊಡ್ಡವರು ಉಣ್ಣುವ ಹಾಗಿಲ್ಲ. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಹಂದಿಮಾಂಸದ ಕೊಬ್ಬು ತಟ್ಟೆಯಲ್ಲಿ ಬೆಳ್ಳಗೆ ಗಟ್ಟಿಯಾಯಿತು. ಬೇಲಿಯಾಚೆ ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಯೆಲೆಮಿಯಾ, ಪ್ರಾರ್ಥನೆ ಇನ್ನೂ ಮುಗಿದಿಲ್ವೇನಪ್ಪ?" ಎಂದು ಕೂಗಿದರು.

"ಆಯ್ತು, ಆಯ್ತು," ಎಂದು ಮಾವ ನಕ್ಕ. ಅವರು ಹೋದ ಕೂಡಲೇ ನನ್ನ ಮೇಲೆ ಬಗ್ಗಿದ. "ಏನು ಬೇಕೇ ನಿನಗೆ?"

ನಾನು ತಲೆಯೆತ್ತಿದೆ.

"ತಲಿತಾ ಮಂಗಳವಾರ ಸ್ಕೂಲಿಗೆ ಹೋಗಬೇಕು. ಪಂಕ್ತೀಲಿ ಕೂತು ಕೇಳ್ತಿದೀನಿ. ಇಲ್ಲ ಅನ್ನೋ ಹಾಗಿಲ್ಲ."

"ಪಾಸ್ಟರಿಗೆ ನಾನು ಕೊಟ್ಟ ಮಾತು?"

"ಕೊಟ್ಟವರು ನೀವು. ನೀವೇ ಹೋಗಿ ಇರಿ. ಷರ್ಟು ಇಸ್ತ್ರಿ ಮಾಡೋದು ನಾನು ಹೇಳಿಕೊಡ್ತೀನಿ."

ಅವನ ಕೈ ಮೇಲೆದ್ದಿತು.

"ಯೆಲೆಮಿಯಾ!" ಅಜ್ಜಿ ಕಂಬ ಹಿಡಿದು ಎದ್ದಳು. "ಇವತ್ತು ಬೇಡ. ನಾಳೆ ಬೇಕಾದ್ರೆ ಹೊಡಿ. ಇವತ್ತು ಕೈ ಇಳಿಸು."

"ಕೇಳಿದಿರಾ?" ಎಂದೆ. ಯಾರಿಗೆ ಎಂದು ನನಗೇ ಗೊತ್ತಿರಲಿಲ್ಲ. "ನಾಳೆ ಹೊಡೀಬಹುದಂತೆ. ವರ್ಷಕ್ಕೆ ಒಂದು ದಿನ ಐಸ್‌ಕ್ರೀಮು, ಉಳಿದ ದಿನ ಎಂಜಲು. ಅದಕ್ಕೆ ಇಷ್ಟು ಬಿಳಿ ಬಟ್ಟೆ, ಇಷ್ಟು ಹಾಡು! ಅವಳ ಪುಸ್ತಕ ಸುಟ್ಟು ಬೇಯಿಸಿದ ಅಡುಗೆ ಇದು. ಇದನ್ನ ಯೇಸುವಿನ ಹೆಸರಲ್ಲಿ ಬಡಿಸ್ತಿದೀರಿ."

"ಬಾಯಿ ಮುಚ್ಚು!" ಎಂದ ಮಾವ.

ಮೂಲೆಯಲ್ಲಿ ಸೌಟು ಹಿಡಿದು ನಿಂತಿದ್ದ ಅಮ್ಮ ಬಂದಳು. ಒಂದು ಖಾಲಿ ತಟ್ಟೆ ತೆಗೆದಳು. ಹಂದಿಮಾಂಸ, ದೀವಿಹಲಸು, ಎರಡು ಕೆಸುವಿನೆಲೆಯ ಗಂಟು ಹಾಕಿದಳು. ಅದನ್ನು ನನಗೆ ಕೊಡಲಿಲ್ಲ. ಮಾವನ ಮುಂದೆ ಹಿಡಿದಳು.

"ಕೊಡು ಅಣ್ಣ. ಇದು ನೀನೇ ಕೊಡಬೇಕಾದದ್ದು."

"ರೂತಾ, ನಿನಗೂ ತಲೆ ಕೆಟ್ಟಿತಾ?"

"ತಲಿತಾನ ಕಳಿಸೋದು ಬೇಡ. ನಿನ್ನ ತಂಗಿ ಬೇಡ ಅಂತಿದೀನಿ. ಇನ್ನು ನಿನ್ನಿಷ್ಟ."

ಮಾವ ಅವಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಅವನೇ ತಗ್ಗಿಸಿದ. ತಟ್ಟೆ ತೆಗೆದುಕೊಂಡು ನನ್ನ ಮುಂದೆ ಇಟ್ಟ. ಇಟ್ಟನೆನ್ನುವುದಕ್ಕಿಂತ ಕುಕ್ಕಿದ. ಅರ್ಧ ತೆಂಗಿನಹಾಲು ಚಾಪೆಗೆ ಚೆಲ್ಲಿತು.

"ಇದನ್ನ ಮೊದಲೇ ಹೇಳೋದಕ್ಕೇನಾಗಿತ್ತು ನಿನಗೆ?" ಎಂದು ಅಮ್ಮನಿಗೆ ಹೇಳಿ ಹೊರಗೆ ಹೋದ.

ತಾವಿ ಬಾಯಲ್ಲಿದ್ದದ್ದನ್ನು ನುಂಗಿದ.

ಸೋಮವಾರ ಹಬ್ಬದ ರಜೆ. ಮಾವ ಮನೆಯ ಒಳ್ಳೆಯ ಚಾಪೆಯೊಂದನ್ನು ಸುತ್ತಿಕೊಂಡು, ನಮ್ಮ ಪದ್ಧತಿಯಂತೆ ಅದನ್ನು ಒಪ್ಪಿಸಿ ಕ್ಷಮೆ ಕೇಳಲು ಪಾಸ್ಟರ ಮನೆಗೆ ಹೋದ. ಅಜ್ಜಿ ಎರಡು ಸಲ ಪ್ರಾರ್ಥನೆ ಮಾಡಿದಳು. ಊರಿನ ಹಿರಿಯರು ಕರೆಸುತ್ತಾರೆ, ಮನೆಯ ಹೆಸರು ಹೋಯಿತು ಎಂದು ಅತ್ತೆ ಎದೆ ಬಡಿದುಕೊಂಡಳು. ನಾನು ಊಟದ ಚಾಪೆಯ ಕಲೆ ಉಜ್ಜುತ್ತಿದ್ದೆ. ಮಾವ ಅರ್ಧ ಗಂಟೆಯಲ್ಲಿ ಹಿಂದಿರುಗಿದ. ಚಾಪೆ ಅವನ ಕಂಕುಳಲ್ಲೇ ಇತ್ತು.

"ಏನಂದ್ರು?" ಅಜ್ಜಿ ಕೇಳಿದಳು.

"ಏನೂ ಇಲ್ಲ. 'ಪರವಾಗಿಲ್ಲ ಬಿಡಿ, ಬೇರೆ ಯಾರನ್ನಾದ್ರೂ ಕೇಳ್ತೀವಿ' ಅಂದ್ರು. ಕೋಕೋ ಕೊಟ್ರು, ಕುಡಿದು ಬಂದೆ."

"ಅಷ್ಟೇನಾ?" ಎಂದೆ ನಾನು.

ಮಾವ ಚಾಪೆಯನ್ನು ಮೂಲೆಗೆ ಇಟ್ಟು ಹೊರಗೆ ಹೋದ. ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಆದರೆ ಉತ್ತರ ಬೇಕಿರಲಿಲ್ಲ. ಅಷ್ಟೇ. ಒಂದು ಲೋಟ ಕೋಕೋ.

ಮಂಗಳವಾರ ತಲಿತಾ ಗೆಳತಿಯ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ ಹಿಡಿದು ಬಸ್ಸು ಹತ್ತಿದಳು. ಪಾಸ್ಟರ ಮನೆಗೆ ಯಾರ ಮಗಳು ಹೋಗುತ್ತಾಳೋ ನನಗಿನ್ನೂ ಗೊತ್ತಿಲ್ಲ, ಯಾರೋ ಒಬ್ಬಳು ಹೋಗುತ್ತಾಳೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅಮ್ಮ ರಸ್ತೆಯಲ್ಲೇ ನಿಂತಿದ್ದಳು.

"ನಿನ್ನ ಸಲಾನೂ ಹೇಳಬಹುದಾಗಿತ್ತು," ಎಂದಳು.

"ಹೂಂ."

"ಇಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ ಎಸೆಟಾ."

ನಾನು ಪರವಾಗಿಲ್ಲ ಎನ್ನುತ್ತೇನೆಂದು ಅವಳು ಕಾದಳು. ರಸ್ತೆಯಲ್ಲಿ ಎರಡನೆಯ ಬಸ್ಸೂ ಹೋಯಿತು. ನಾನು ಹೇಳಲಿಲ್ಲ.